ಮುನಿರಾಜು ಭಾವನಿಗೆ ಒಪ್ಪುವ ವಾಚು

ಅಕ್ಕನ ಮದುವೆಯ ಆಲ್ಬಮ್ ತೆಗೆದರೆ ಮುನಿರಾಜು ಭಾವನ ಎಡಗೈ ಒಂದು ಫೋಟೋದಲ್ಲೂ ಕೆಳಗಿಲ್ಲ. ಆರತಕ್ಷತೆಯಲ್ಲಿ ಎದೆಯ ಹತ್ತಿರ, ಊಟದ ಪಂಕ್ತಿಯಲ್ಲಿ ಕಿವಿಯ ಹತ್ತಿರ, ನಮ್ಮ ಅಪ್ಪನ ಪಕ್ಕ ನಿಂತಾಗ ಬಸ್ಸಿಗೆ ಕೈ ತೋರಿಸುವವರಂತೆ ಮೇಲಕ್ಕೆ. ಇಳಿಸಿದರೆ ವಾಚು ಜಾರಿ ಬೆರಳಿಗೆ ಬರುತ್ತಿತ್ತು. ನೋಡಿದವರೆಲ್ಲ ನಗುತ್ತಾರೆ. ನನಗೆ ಮಾತ್ರ ಮೈಯುರಿಯುತ್ತದೆ, ಏಕೆಂದರೆ ಆ ವಾಚು ಕೊಡಿಸಲು ಅಲೆದವನು ನಾನು.

ನಮ್ಮಲ್ಲಿ ವರಪೂಜೆಯ ದಿನ ಹುಡುಗನ ಕೈಗೆ ಹೆಣ್ಣಿನ ತಮ್ಮ ವಾಚು ಕಟ್ಟಬೇಕು. ಅಪ್ಪ ನನ್ನನ್ನು ಕೆ.ಆರ್. ಪುರದಿಂದ ಅಟ್ಟುವಾಗಲೇ ಹೇಳಿದ್ದರು: "ಅವ್ರಿಗೆ ಇಷ್ಟ ಆಗಿದ್ದೇ ಕೊಡ್ಸು. ವಾಚು ಸರಿಯಿಲ್ಲ ಅಂತ ಗಂಡಿನ ಕಡೆಯೋರು ಆಡ್ಕೊಂಡ್ರೆ ನಿಮ್ಮಕ್ಕ ಜೀವನಪೂರ್ತಿ ಅದನ್ನ ಕೇಳ್ಬೇಕಾಗುತ್ತೆ." ಒಂದು ಗಂಟೆಯ ಕೆಲಸ ಅಂದುಕೊಂಡೆ. ಶನಿವಾರದ ಮೇಲೆ ಶನಿವಾರ ಹೋಯಿತು.

ಭಾವ ಜೋಗುಪಾಳ್ಯದವರು. ಅವರ ತಾತ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ಆಗಲೇ ಬಾಡಿಗೆ ಮನೆಗಳೆದ್ದಿದ್ದವು. ಕುಳ್ಳು ಆಳು, ತೆಳ್ಳನೆಯ ಮಣಿಕಟ್ಟು. ಆದರೆ ಕಮರ್ಷಿಯಲ್ ಸ್ಟ್ರೀಟಿನ ಯಾವ ಅಂಗಡಿಗೆ ಹೋದರೂ ಇರುವುದರಲ್ಲೇ ದೊಡ್ಡ ಡಯಲ್ ಕೇಳುತ್ತಿದ್ದರು. ಕೇಳಿದ್ದನ್ನು ಕಟ್ಟಿಕೊಂಡು, ಅಂಗಡಿಯ ಕೈಗನ್ನಡಿ ಸಾಲದೆಂದು ಎದುರಿನ ಬಟ್ಟೆ ಅಂಗಡಿಯ ನಿಲುವುಗನ್ನಡಿಗೆ ನಡೆದುಬಿಡುತ್ತಿದ್ದರು. ವಾಚಿನವನು "ಸಾರ್, ಸಾರ್" ಎಂದು ಹಿಂದೆ ಓಡುತ್ತಿದ್ದ. ಸೀರೆ ಆರಿಸುತ್ತಿದ್ದ ಹೆಂಗಸರನ್ನೂ ಇವರು ಬಿಡುತ್ತಿರಲಿಲ್ಲ: "ಅಮ್ಮಾ, ನನ್ ಮುಖಕ್ಕೆ ಇದು ಒಪ್ಪುತ್ತಾ?"

"ಭಾವ, ವಾಚು ಕಟ್ಕೊಳ್ಳೋದು ಕೈಗೆ. ಮುಖಕ್ಕಲ್ಲ."

"ಕೈಯೂ ಮುಖಾನೂ ಒಬ್ರದ್ದೇ ಅಲ್ವೇನೋ ಸೀನ?"

ಸ್ಟೀಲ್ ಚೈನು ಕಟ್ಟಿದರೆ ಕಂಡಕ್ಟರ್ ಥರ ಕಾಣ್ತೀನಿ, ಕಪ್ಪು ಬೆಲ್ಟ್ ಕಟ್ಟಿದರೆ ಮೇಷ್ಟ್ರು ಥರ, ಚೌಕದ ಡಯಲ್ಲು ಮೂಗನ್ನು ಎತ್ತಿ ತೋರಿಸುತ್ತೆ. ಇಂಥ ತಗಾದೆಗೆ ಯಾರು ಏನು ಹೇಳಬೇಕು? ಒಬ್ಬ ಅಂಗಡಿಯವನಂತೂ ನನ್ನ ಕಿವಿಯಲ್ಲಿ, "ಭಾಯ್, ಹುಡುಗನ್ನ ಬದಲಾಯಿಸೋಕೆ ಆಗಲ್ವಾ?" ಎಂದ.

ವರಪೂಜೆಗೆ ಒಂದೇ ದಿನ ಉಳಿದಿದ್ದಾಗ ಶಿವಾಜಿನಗರದ ಚಹಾ ಅಂಗಡಿಯ ಮುಂದೆ ನಾನು ರೇಗಿಬಿಟ್ಟೆ. ನಿಮಗೆ ನಮ್ಮಕ್ಕ ಬೇಕೋ, ವಾಚು ಬೇಕೋ ಎಂದೆ. ಭಾವ ಲೋಟದೊಳಗೆ ನೋಡುತ್ತಾ ಮೆಲ್ಲಗೆ ಹೇಳಿದರು: "ನಿಮ್ಮಕ್ಕ ನನಗಿಂತ ಎತ್ತರ ಕಣೋ. ಲಕ್ಷಣವಾಗಿದಾಳೆ. ಪಕ್ಕದಲ್ಲಿ ನಿಂತ್ರೆ ನನ್ದು ಅಂತ ಏನಾದ್ರೂ ಒಂದು ದೊಡ್ಡದಾಗಿ ಕಾಣ್ಬೇಕಲ್ವಾ?"

ಚಹಾದ ದುಡ್ಡು ಕೊಟ್ಟು ಅವರನ್ನು ಮತ್ತೆ ಅಂಗಡಿಗೆ ಕರೆದುಕೊಂಡು ಹೋದೆ. ಚಿನ್ನದ ಬಣ್ಣದ, ಇಡ್ಲಿಯಷ್ಟು ಅಗಲದ ಒಂದು ವಾಚು ಒಪ್ಪಿಗೆಯಾಯಿತು. ಚೈನಿನ ಕೊಂಡಿ ತೆಗೆಸೋಣ ಎಂದರೆ, "ಬೇಡ, ಬಿಗಿ ಮಾಡಿದ್ರೆ ಸಣ್ಣದಾಗಿ ಕಾಣುತ್ತೆ" ಎಂದರು. ಮಾರನೆಯ ದಿನ ನಾನೇ ಕಟ್ಟಿದೆ. ಗಂಡಿನ ಕಡೆಯವರು ಭೇಷ್ ಎಂದರು, ಅಪ್ಪ ನೆಮ್ಮದಿಯ ಉಸಿರು ಬಿಟ್ಟರು. ಮದುವೆಯ ನಂತರವೂ ಅದು ಹಾಗೇ ಉಳಿಯಿತು. ಸ್ಕೂಟರ್ ನಿಲ್ಲಿಸುವಾಗ ವಾಚಿನ ಗಲಗಲ ಸದ್ದಿಗೇ ಅಕ್ಕ ಬಾಗಿಲು ತೆಗೆಯುತ್ತಿದ್ದಳು.

ಕೊನೆಯ ಸಲ ಭಾವನನ್ನು ನೋಡಿದ್ದು ಹಲಸೂರಿನ ಆಸ್ಪತ್ರೆಯಲ್ಲಿ. ಕಾಯಿಲೆಗೆ ಕೈ ಇನ್ನೂ ಬಡವಾಗಿತ್ತು, ವಾಚು ದಿಂಬಿನ ಪಕ್ಕದಲ್ಲಿತ್ತು. ಅಕ್ಕ ಮಾತ್ರೆ ತರಲು ಕೆಳಗೆ ಹೋಗಿದ್ದಳು.

"ಸೀನ, ವಾಸಿಯಾದ್ಮೇಲೆ ಒಂದು ಶನಿವಾರ ಹೋಗೋಣ. ಸಣ್ಣ ವಾಚು ನೋಡೋಣ."

"ಈಗ್ಯಾಕೆ ಭಾವ, ಇಷ್ಟು ವರ್ಷ ಆದ್ಮೇಲೆ?"

"ನಿಮ್ಮಕ್ಕ ನಿನ್ನೆ ಹೇಳಿದ್ಲು. ನನ್ ಕೈಗೆ ಸಣ್ಣದೇ ಚೆಂದ ಕಾಣೋದಂತೆ, ಮೊದಲಿಂದ್ಲೂ ಹಂಗೇ ಅನ್ಸಿತ್ತಂತೆ. ಮತ್ತೆ ಯಾಕೆ ಹೇಳ್ಲಿಲ್ಲ ಅಂದ್ರೆ, 'ನೀವು ಊರ್ನೆಲ್ಲ ಕೇಳಿದ್ರಿ, ನನ್ನ ಕೇಳಿದ್ರಾ?' ಅಂತಾಳೆ."

ಹೇಳುತ್ತಾ ಹೊಸ ಮದುಮಗನ ಹಾಗೆ ನಾಚಿಕೊಂಡರು. ನನಗೆ ಅಳುವೂ ಬಂತು, ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟೂ ಬಂತು. ಆಗಲಿ, ಹೋಗೋಣ ಎಂದೆ.

ಆ ಶನಿವಾರ ಬರಲಿಲ್ಲ. ಈಗಲೂ ಕಮರ್ಷಿಯಲ್ ಸ್ಟ್ರೀಟಿಗೆ ಹೋದರೆ ಗಾಜಿನ ಹಿಂದಿನ ಸಣ್ಣ ವಾಚುಗಳ ಮುಂದೆ ನಿಂತು ಭಾವನನ್ನು ಬೈಯುತ್ತೇನೆ. ಸೀರೆ ಕೊಳ್ಳಲು ಬಂದವರನ್ನೆಲ್ಲ ಕೇಳಿದ ಮನುಷ್ಯ, ಮನೆಯಲ್ಲಿ ಒಂದು ಮಾತು ಕೇಳಬಾರದಿತ್ತೇ?