ಅವಸರವಿಲ್ಲದ ರಿಪೇರಿಯವನು
ನೆಟ್ ನಿಧಾನವಾಯಿತೆಂದರೆ ಅಜ್ಜಿಯ ಮನೆಯವರು ಕರೆಯುವುದು ಈ ರಿಪೇರಿಯವನನ್ನೇ. ಬಂದವನು ಮೊದಲು ಹಳೇ ಕಂಪ್ಯೂಟರಿನ ಬೆನ್ನು ಸವರುತ್ತಾನೆ. "ಈ ಡಬ್ಬ ಬಿಸಾಕೋಣ್ವಾ?" ಎಂದು ಅಜ್ಜಿಯ ಮಗ ಕೇಳಿದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಾನೆ. "ಛೆ ಛೆ, ಹಾಗನ್ಬೇಡಿ ಸಾರ್! ಲೈನು ಜೋರಾಗೇ ಬರ್ತಿದೆ. ಒಳಗಿನ ನೆಟ್ ಕಾರ್ಡು ಹಳೇದು, ಅಷ್ಟು ಬೇಗ ತಗೊಳ್ಳಕ್ಕಾಗಲ್ಲ ಪಾಪ. ಅದೊಂದು ಬದಲಾಯಿಸಿದ್ರೆ ಸಾಕು." ಕಾರ್ಡು ಹಾಕಿ, ಪರದೆ ಬೆಳಗುವವರೆಗೆ ಕೈಕಟ್ಟಿ ಕೂರುತ್ತಾನೆ, ಯಾವ ಬಟನ್ನನ್ನೂ ಎರಡು ಸಲ ಒತ್ತುವವನಲ್ಲ. ಕಾಯಿಲೆ ಬಿದ್ದು ಎದ್ದಮೇಲೆ ಅಜ್ಜಿಗೆ ಮಾತು ತಡವರಿಸುತ್ತದೆ. ಮನೆಮಂದಿಗೆ ಪ್ರೀತಿಯೇನೋ ಇದೆ, ಪುರುಸೊತ್ತಿಲ್ಲ. ಅವಳ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಇವನು ಮಾತ್ರ ಚಹಾ ಆರಿಹೋದರೂ ಅವಳ ಕೊನೆಯ ಶಬ್ದ ಹೊರಬರುವ ತನಕ ಅವಳ ಮುಖವನ್ನೇ ನೋಡುತ್ತಿರುತ್ತಾನೆ. ಇವನ ಹೊಟ್ಟೆ ತಣ್ಣಗಿರಲಿ ಎಂದು ಅಜ್ಜಿ ಮನಸ್ಸಿನಲ್ಲೇ ಹರಸುತ್ತಾಳೆ. ಹೊಸ ಕಾರ್ಡು ಬಂದಮೇಲೂ ಆ ಮನೆಯಿಂದ ಆಗಾಗ ಫೋನು ಹೋಗುತ್ತದೆ, ನೆಟ್ಟೇ ಇಲ್ಲವೆಂದು. ಅವನು ಬಂದು ಬಗ್ಗಿ ನೋಡಿದರೆ ಕಂಪ್ಯೂಟರಿನ ಹಿಂದಿರುವ ನೆಟ್ ವೈರನ್ನು ಯಾರೋ ಕಿತ್ತಿದ್ದಾರೆ. ಅಜ್ಜಿ ಗೋಡೆ ನೋಡುತ್ತಾಳೆ. ಅವನು ವೈರು ಸಿಕ್ಕಿಸಿ, ಕುರ್ಚಿಯನ್ನು ಅವಳ ಕಡೆಗೆ ತಿರುಗಿಸಿಕೊಂಡು, "ಸಡಿಲ ಆಗಿತ್ತು ಅಜ್ಜಿ, ಹಳೇದಲ್ವಾ, ಆಗ್ತಿರುತ್ತೆ. ಹೇಳಿ, ಮೊನ್ನೆ ಎಲ್ಲಿಗೆ ನಿಲ್ಲಿಸಿದ್ರಿ?" ಎನ್ನುತ್ತಾನೆ.