ನಲವತ್ಮೂರರಿಂದ ನಲವತ್ತೈದರವರೆಗೆ

೨೦೦೪ನೆಯ ಇಸವಿ ಫೆಬ್ರವರಿ ೧೫, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಇದನ್ನು ಬರೆಯಲು ಕೂತಿದ್ದೇನೆ.

ನನಗೆ ಸಾಲಿನ ಎಡಬದಿಯಲ್ಲಿ ಅಂಕಿ ಇರಬೇಕು. ಇಲ್ಲದಿದ್ದರೆ ಸಾಲು ಅಂಗಿಗೆ ಗುಂಡಿ ಹಾಕದೆ ಮನೆಯಿಂದ ಹೊರಬಿದ್ದ ಹಾಗೆ ಕಾಣುತ್ತದೆ. ನನ್ನ ದಿನಚರಿಯಲ್ಲಿ ಶಿರಾಲಿಯ ಬಸ್ಸು ತಡವಾಗಿ ಬಂದ ದಿನಗಳಿಗೆ ಒಂದು ಪಟ್ಟಿ ಇದೆ, ಕರೆಂಟು ಹೋದ ಹೊತ್ತುಗಳಿಗೆ ಇನ್ನೊಂದು. ಎಷ್ಟು ಪಟ್ಟಿಗಳಿವೆ ಎಂಬುದಕ್ಕೂ ಒಂದು ಪಟ್ಟಿ ಇದೆ. ಅದನ್ನು ನೋಡಿದ ದಿನ ಅಮ್ಮ ಪುಸ್ತಕ ಮುಚ್ಚಿಟ್ಟಳು.

ಭಟ್ಕಳದಲ್ಲಿ ಕಂಪ್ಯೂಟರ್ ಕಲಿತು, ಕುಮಟೆಯ ಒಂದು ಟೈಪಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಯಿತು. ಮತದಾರರು, ಮದುವೆಗೆ ಕರೆಯಬೇಕಾದವರು, ಶಾಲೆಯ ಮಕ್ಕಳು ಎಂದು ನಮ್ಮಲ್ಲಿಗೆ ಬರುವುದೆಲ್ಲ ಪಟ್ಟಿಗಳೇ. ಮೊದಲು ಒಂದು, ಎರಡು, ಮೂರು ಎಂದು ಕೈಯಲ್ಲೇ ಒತ್ತುತ್ತಿದ್ದೆ. ಒಂಬತ್ತರವರೆಗೆ ಎಲ್ಲ ಸರಿ. ಹತ್ತು ಬಂದ ಕೂಡಲೇ ಹೆಸರುಗಳು ಒಂದು ಅಕ್ಷರದಷ್ಟು ಬಲಕ್ಕೆ ಸರಿಯುತ್ತವೆ, ನೂರಕ್ಕೆ ಮತ್ತೊಮ್ಮೆ. ಇನ್ನೂರರ ಪಟ್ಟಿಯ ಮಧ್ಯದಲ್ಲಿ ಯಾರೋ ಒಬ್ಬರ ಹೆಸರು ಬಿಟ್ಟುಹೋಗಿದೆ ಎಂದು ಗೊತ್ತಾದರೆ ಅಲ್ಲಿಂದ ಕೆಳಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಒತ್ತಬೇಕು. ಆ ಕೆಲಸ ಮಾಡುವಾಗ ಬಿಟ್ಟುಹೋದ ಮನುಷ್ಯನ ಮೇಲೆ ಬಂದಷ್ಟು ಸಿಟ್ಟು ನನಗೆ ಬೇರೆ ಯಾರ ಮೇಲೂ ಬಂದಿಲ್ಲ.

ಕಳೆದ ನವೆಂಬರಿನಲ್ಲಿ, ಯಾವುದೋ ಸಿ.ಡಿ.ಯಿಂದ ಹಾಕಿಸಿಕೊಂಡ ಒಂದು ಸಾದಾ ಪಠ್ಯ ಸಂಪಾದಕದ ಮೆನುವಿನಲ್ಲಿ ಒಂದು ಆಜ್ಞೆ ಕಂಡಿತು. ಸಾಲುಗಳನ್ನು ಅಡ್ಡಕ್ಕೆ ಹಿಡಿಯುವ ಬದಲು ಕಂಬದ ಹಾಗೆ ಉದ್ದಕ್ಕೆ ಹಿಡಿಯಬಹುದು. ಹಿಡಿದರೆ ಅದು ಮೂರೇ ಪ್ರಶ್ನೆ ಕೇಳುತ್ತದೆ. ಎಲ್ಲಿಂದ ಶುರು? ಎಷ್ಟೆಷ್ಟು ಏರಬೇಕು? ಮುಂದೆ ಸೊನ್ನೆ ಬೇಕೆ? ಉತ್ತರ ಕೊಟ್ಟು ಒಂದು ಗುಂಡಿ ಒತ್ತಿದೆ. ೦೦೧ರಿಂದ ೨೧೪ರವರೆಗೆ ಅಂಕಿಗಳು ಹಗ್ಗಕ್ಕೆ ಕಟ್ಟಿದ ಬಲೆಯ ತೇಲುಗಳಂತೆ ಒಂದರ ಕೆಳಗೊಂದು ಸಾಲಾಗಿ ನಿಂತವು. ಉಸಿರು ಬಿಡುವಷ್ಟು ಹೊತ್ತೂ ಆಗಲಿಲ್ಲ. ನಾನು ಅದನ್ನು ಅಳಿಸಿ ಮತ್ತೆ ಒತ್ತಿದೆ. ಒಟ್ಟು ಹನ್ನೊಂದು ಸಲ. ಇದೂ ದಿನಚರಿಯಲ್ಲಿದೆ.

ನಮ್ಮ ಶಿರಾಲಿಯಲ್ಲಿ ಭತ್ತ ಅಳೆಯುವವರು ಮೊದಲ ಕೊಳಗಕ್ಕೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ. ಆಮೇಲೆ ಎರಡು, ಮೂರು. ಪ್ರತಿ ಅಂಕಿಯನ್ನೂ ರಾಗವಾಗಿ ಎಳೆದು, ಕೊಳಗ ಸುರಿದು ಮುಗಿಯುವವರೆಗೆ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ಸುರಿಯದೆ ಅಂಕಿ ಮುಂದೆ ಹೋಗುವುದಿಲ್ಲ. ಚಿಕ್ಕವಳಿದ್ದಾಗ ಇದು ಬರೀ ಹಾಡು ಎಂದುಕೊಂಡಿದ್ದೆ. ಅಂಕಿಯನ್ನು ಅದರ ಭತ್ತಕ್ಕೆ ಕಟ್ಟುವ ಹಗ್ಗ ಅದು ಎಂದು ನನಗೆ ಹೊಳೆದದ್ದು ಹದಿನೈದು ದಿನಗಳ ಹಿಂದೆ.

ಜನವರಿ ೩೧ರ ಶನಿವಾರ ಕುಮಟೆಯ ಒಂದು ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಿಬಿರ ಇತ್ತು. ಆ ದಿನ ತಪಾಸಣೆ, ಮರುದಿನ ಆಪರೇಷನ್. ಪೊರೆ ತೆಗೆದು ಒಳಗಿಡುವ ಮಸೂರದ ಪವರ್ ಒಬ್ಬೊಬ್ಬರಿಗೆ ಒಂದೊಂದು. ಅದನ್ನು ಅಳೆದು, ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಬರೆದು, ಆ ಸಾಲಿನ ನಂಬರನ್ನು ಅಂಟುಪಟ್ಟಿಯ ಮೇಲೆ ಗೀಚಿ ಅವರ ಮಣಿಕಟ್ಟಿಗೆ ಅಂಟಿಸುತ್ತಿದ್ದರು. ಹೆಸರು ನಂಬಿದರೆ ಕೆಲಸ ಕೆಡುತ್ತದೆ. ಬಂದವರಲ್ಲಿ ನಾಗಮ್ಮಂದಿರು ಏಳು, ಬೀರಮ್ಮಂದಿರು ಐದು.

ರಿಜಿಸ್ಟರ್ ಬರೆದವರು ನಿವೃತ್ತ ಶಿಕ್ಷಕ ಗಣಪತಿ ಮಾಸ್ತರರು. ಅದನ್ನು ಟೈಪ್ ಮಾಡಿಕೊಡಲು ನಾನು ಹೋಗಿದ್ದೆ. ಮಧ್ಯಾಹ್ನ ಶಾಮಿಯಾನದ ಕೆಳಗೆ ರಿಜಿಸ್ಟರಿಗೆ ಕಾಯುತ್ತ ಕೂತು, ಬಂದವರನ್ನು ಊರು ಕೇಳಿ ಕೇಳಿ ಊರುವಾರು ಬರೆದುಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕಾಗಾಲದ ಬೀರಮ್ಮ, ಬಲೆ ರಿಪೇರಿ ಮಾಡುವವರು.

"ಎಂತ ತಂಗಿ, ಬರೀ ಲೆಕ್ಕನೇ ಬರೀತೆ? ನಮ್ಮ ಮೋರೆ ನೋಡೂಕೆ ಪುರ್ಸೊತ್ತಿಲ್ಯ?" ಎಂದರು.

ನೋಡಿದೆ. ಬಲಗಣ್ಣು ಬೆಳ್ಳಗೆ ಮುಚ್ಚಿಕೊಂಡಿತ್ತು.

"ಅದು ಹೋಗಿ ಕಾಲ ಆತು. ಡಾಕ್ಟ್ರೂ ಅದ್ರ ಆಸೆ ಬಿಟ್ರು. ಎಡದ್ದು ಒಂದು ಉಳಿದ್ರೆ ಬಲೆ ಹಿಡೀತೆ. ಇಲ್ದಿದ್ರೆ ಸೊಸೆ ಹೇಳ್ದಂಗೆ ಮೂಲೇಲಿ ಕೂತ್ಕಂಡು ಬೆಳ್ಳುಳ್ಳಿ ಸುಲಿಯೂದೇ." ನಕ್ಕರು. ನಗುವಾಗ ಮಣಿಕಟ್ಟು ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ಎಷ್ಟು ಬರ್ದಿದಾರೆ ಹೇಳು."

"ನಲವತ್ತಾರು" ಎಂದೆ. ನಾನೇ ಓದಿ ಹೇಳಿದ್ದೆ.

ಸಂಜೆ ನಾಲ್ಕಕ್ಕೆ ರಿಜಿಸ್ಟರ್ ಕೈಗೆ ಬಂತು. ಕೊನೆಯ ನಂಬರು ೮೬. ಆದರೆ ೪೩, ೪೪, ೪೫ರ ಎದುರು ಹೆಸರಿಲ್ಲ, ಪೆನ್ಸಿಲಿನಲ್ಲಿ ಚಿಕ್ಕದಾಗಿ 'ತಾರಿ' ಎಂದು ಬರೆದಿತ್ತು. ತಾರಿ ಎಂದರೆ ತದಡಿಯಿಂದ ಅಘನಾಶಿನಿ ಹೊಳೆ ದಾಟಿಸುವ ದೋಣಿ. ಮುಂದಿನ ದೋಣಿಗೆ ಬರುತ್ತೇವೆ ಎಂದು ಯಾರಾದರೂ ಹೇಳಿಕಳಿಸಿದರೆ ಅವರ ಪಾಳಿ ತಪ್ಪದಂತೆ ಸಾಲು ಬಿಟ್ಟು ಮುಂದುವರಿಯುವುದು ಮಾಸ್ತರರ ರೂಢಿ. ಶಾಲೆಯ ಹಾಜರಿ ಪುಸ್ತಕದಲ್ಲೂ ಹಾಗೇ ಮಾಡುತ್ತಿದ್ದರಂತೆ.

ನನಗೆ ಖಾಲಿ ಸಾಲು ಆಗದು. ಬಾರದವರಿಗೆ ನಂಬರು ಯಾಕೆ? ಇದ್ದ ಹೆಸರುಗಳನ್ನೆಲ್ಲ ಪವರ್ ಸಮೇತ ಒತ್ತಾಗಿ ಟೈಪ್ ಮಾಡಿ, ಎಡಕ್ಕೆ ಕಂಬ ಹಿಡಿದು, ಗುಂಡಿ ಒತ್ತಿದೆ. ೦೧ರಿಂದ ೮೩. ಎಲ್ಲೂ ಹಲ್ಲು ಬಿದ್ದಿಲ್ಲ. ದಿನಚರಿಯಲ್ಲಿ ಬರೆದೆ: "ಮಾಸ್ತರರ ಲೆಕ್ಕ ೮೬, ನಿಜ ೮೩. ತಪ್ಪು ೩." ಅದರ ಕೆಳಗೆ ಗೆರೆ ಎಳೆದೆ, ಅಡಿಪಟ್ಟಿ ಇಟ್ಟು. ಆ ಪಟ್ಟಿಯನ್ನು ನೋಡಿಕೊಂಡು ನರ್ಸ್‌ಬಾಯಿ ಮರುದಿನದ ಮಸೂರಗಳನ್ನು ನಂಬರಿನ ಪ್ರಕಾರ ಜೋಡಿಸಿದರು.

ಭಾನುವಾರ ಬೆಳಿಗ್ಗೆ ಟೈಪ್ ಮಾಡಲು ಬಾಕಿ ಉಳಿದಿದ್ದ ಔಷಧಿ ಚೀಟಿಗಳನ್ನು ಕೊಡಲು ಹೋದೆ. ಹನ್ನೊಂದು ಗಂಟೆ ಹತ್ತು ನಿಮಿಷ. ವರಾಂಡದಲ್ಲಿ ನರ್ಸ್‌ಬಾಯಿ ಮಾಸ್ತರರ ಹತ್ತಿರ ಗೊಣಗುತ್ತಿದ್ದರು.

"ನಲವತ್ಮೂರು ಕರೆದೆ, ಇಲ್ಲ. ನಲವತ್ನಾಲ್ಕು ಇಲ್ಲ, ನಲವತ್ತೈದೂ ಇಲ್ಲ. ಹೆದರಿ ಓಡಿ ಹೋದ್ರೋ ಎಂತದೋ. ಮೂರು ಜನ, ಮಾಸ್ತರೇ! ನಲವತ್ತಾರನ್ನ ಒಳಗೆ ಮಲಗಿಸಿ ಬಂದೆ."

"ಓಡಿ ಹೋಪಲೆ ಅವು ಬಂದೇ ಇಲ್ಲೆ" ಎಂದರು ಮಾಸ್ತರರು, ತಮ್ಮ ತೋಟದ ಊರಿನ ಮಾತಿನಲ್ಲಿ. "ಆ ಸಾಲು ಖಾಲಿ ಇದ್ದು."

"ಖಾಲಿ ಎಲ್ಲಿ? ಪಟ್ಟಿಯಲ್ಲಿ ಹೆಸರುಂಟಲ್ಲ!"

ಮೂರು. ನನ್ನ ಅಡಿಗೆರೆಯ ಮೇಲಿನ ಮೂರು. ನನ್ನ ಪಟ್ಟಿಯ ನಲವತ್ಮೂರೇ ಮಣಿಕಟ್ಟಿನ ನಲವತ್ತಾರು. ಹಾಗಾದರೆ ಈಗ ಒಳಗೆ ಮಲಗಿದ ಬೀರಮ್ಮನಿಗಾಗಿ ತಟ್ಟೆಯಲ್ಲಿಟ್ಟ ಮಸೂರ ಇನ್ನಾರದೋ ಕಣ್ಣಿನದು. ನಲವತ್ತೆರಡರವರೆಗೆ ಎಲ್ಲರೂ ಕ್ಷೇಮ, ಅಲ್ಲಿಂದ ಕೆಳಗೆ ಒಬ್ಬರೂ ಅಲ್ಲ. ಅವರೊಳಗೆ ಬೀರಮ್ಮನಿಗೆ ಇರುವುದು ಒಂದೇ ಕಣ್ಣು.

ನಾನು ಬಾಗಿಲು ಬಡಿದೆ. ಚಪ್ಪಲಿ ಹಾಕಿಕೊಂಡು ಬರುವ ಜಾಗವಲ್ಲ ಎಂದು ಯಾರೋ ತಡೆದರು. "ನಂಬರ್ ತಪ್ಪಿದೆ, ನಂಬರ್ ತಪ್ಪಿದೆ" ಎಂದು ಕೂಗಿದೆ. ಡಾಕ್ಟರು ಕೈ ಮೇಲೆತ್ತಿಕೊಂಡೇ ಬಾಗಿಲಿಗೆ ಬಂದರು. ಮಾಸ್ತರರು ರಿಜಿಸ್ಟರ್ ತೆರೆದು ಅವರ ಕಣ್ಣಿಗೆ ಹಿಡಿದರು. ಡಾಕ್ಟರು ಅದನ್ನೂ ನನ್ನ ಪಟ್ಟಿಯನ್ನೂ ಓದಿದರು, ಒಂದು ಸಲ, ಇನ್ನೊಂದು ಸಲ. ಪೊರೆ ತೆಗೆದಾಗಿತ್ತು. ಮಸೂರದ ಪೊಟ್ಟಣ ಇನ್ನೂ ಒಡೆದಿರಲಿಲ್ಲ.

ಆ ಪೊಟ್ಟಣ ಬದಲಾಯಿತು. ಉಳಿದದ್ದನ್ನೆಲ್ಲ ರಿಜಿಸ್ಟರ್ ನೋಡಿ ಮತ್ತೆ ಜೋಡಿಸಿದರು. ನನ್ನನ್ನು ಯಾರೂ ಬೈಯಲಿಲ್ಲ. ಮಾಸ್ತರರು ಮಾತ್ರ ನನ್ನ ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, "ಚೆಂದ ಇದ್ದು ಕೂಸೆ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ನಾನು ಯೋಚಿಸುತ್ತಿರುವುದು ಇಷ್ಟೇ. ಯಂತ್ರ ತಪ್ಪು ಮಾಡಲಿಲ್ಲ. ಅದು ಎಣಿಸುವುದು ಸಾಲುಗಳನ್ನು. ಸಾಲಿನಲ್ಲಿ ಯಾರಿದ್ದಾರೆ ಎಂಬುದು ಅದು ಕೇಳಿದ ಮೂರು ಪ್ರಶ್ನೆಗಳಲ್ಲಿ ಇರಲಿಲ್ಲ. ಒಂದು ಸಾಲು ತೆಗೆದರೆ ಕೆಳಗಿನವರೆಲ್ಲ ಸದ್ದಿಲ್ಲದೆ ಒಂದು ಮೆಟ್ಟಿಲು ಮೇಲೆ ಬರುತ್ತಾರೆ, ಎಲ್ಲೂ ಗಾಯದ ಗುರುತಿರುವುದಿಲ್ಲ. ಮಾಸ್ತರರ ಅಂಕಿಗಳು ಸೊಟ್ಟಗಿದ್ದವು, ಮಸಿ ಹರಡಿತ್ತು, ಆದರೆ ಒಂದೊಂದೂ ಒಬ್ಬರ ಮುಖ ನೋಡಿ ಬರೆದದ್ದು. ಈಗ ನಾನು ಆ ಆಜ್ಞೆಯನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಮೂಲದಲ್ಲಿ ಅಂಕಿ ಇದ್ದರೆ ಅದನ್ನು ಕೈಯಲ್ಲೇ ಟೈಪ್ ಮಾಡುತ್ತೇನೆ, ಬಾಯಲ್ಲಿ ಹೇಳಿಕೊಂಡು. ಅಂಗಡಿಯವರು ನಗುತ್ತಾರೆ.

ಫೆಬ್ರವರಿ ೮ರಂದು ಮರುತಪಾಸಣೆ. ಬೀರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ತಾರೀಕು, ಗಂಟೆ, ನಂಬರು ಸಮೇತ. ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ನಿಜವಾಗಿ ನೋಡುತ್ತಿದ್ದರು.

"ನೀ ಇಷ್ಟು ಸಣ್ಣವ್ಳಾ?" ಎಂದರು. "ಸ್ವರ ಕೇಳಿ ದೊಡ್ಡ ಹೆಂಗ್ಸು ಅಂದ್ಕಂಡಿದ್ದೆ." ಕನ್ನಡಕ ಸರಿಮಾಡಿಕೊಂಡು, "ಆತು, ಬಿಡು. ಆ ಮೂರು ಜನ ಯಾರು?"

ನನಗೆ ಗೊತ್ತಿರಲಿಲ್ಲ. ಎಂಬತ್ತಮೂರು ಜನರನ್ನು ಊರುವಾರು ಎಣಿಸಿದ್ದೆ, ಆ ಮೂವರ ಬಗ್ಗೆ ಕೇಳಿಯೇ ಇರಲಿಲ್ಲ. ಮಾಸ್ತರರಿಗೆ ನೆನಪಿರುವುದು ಇಷ್ಟು: ಮೊದಲ ದೋಣಿಗೆ ಬಂದ ಯಾರೋ ಒಬ್ಬರು, "ನಮ್ಮ ಕೇರಿಯವ್ರು ಮೂರು ಜನ ಮುಂದಿನ ತಾರಿಗೆ ಬತ್ರು, ಜಾಗ ಇಡಿ" ಎಂದಿದ್ದರು. ಮುಂದಿನ ದೋಣಿ ಬಂತು, ಅವರು ಬರಲಿಲ್ಲ. ಬಸ್ಸು ತಪ್ಪಿತೋ, ಕರೆತರುವವರು ಸಿಗಲಿಲ್ಲವೋ, ಹೆದರಿದರೋ.

ಮಳೆಗಾಲ ಕಳೆದ ಮೇಲೆ ಇನ್ನೊಂದು ಶಿಬಿರ ಇದೆ. ಆ ರಿಜಿಸ್ಟರಿನ ಮೊದಲ ಮೂರು ಸಾಲು ಅವರಿಗೇ ಬಿಡುವುದೆಂದು ಮಾಸ್ತರರೂ ನಾನೂ ಮಾತಾಡಿಕೊಂಡಿದ್ದೇವೆ. ತದಡಿಯ ಕಡೆಯವರು ಯಾರಾದರೂ ಇದನ್ನು ಓದಿದರೆ, ಜನವರಿಯ ಕೊನೆಯ ಶನಿವಾರ ಕುಮಟೆಗೆ ಹೊರಟು ಬರಲಾಗದೆ ಹೋದವರು ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಪೂರ್ತಿ ಹೆಸರು ತಿಳಿಯದಿದ್ದರೂ ಅಡ್ಡಿಯಿಲ್ಲ. ಯಾವ ಕಣ್ಣು ಎಂದಷ್ಟಾದರೂ ಬರೆಯಿರಿ.