ಎರಡಡಿ ತೊಟ್ಟಿಗೆ ಆಸ್ಕರ್ ಮೀನು

ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಬಣ್ಣದ ಮೀನು ಮಾರುತ್ತಿದ್ದವರೊಬ್ಬರು, ಯಾರು ಬಂದರೂ ಮೊದಲು ಎರಡೂ ಕೈ ಅಗಲಿಸಿ, "ತೊಟ್ಟಿ ಎಷ್ಟುದ್ದ ಅದೆ?" ಎಂದು ಕೇಳುತ್ತಿದ್ದರು. ನನ್ನದು ಎರಡಡಿಯದು. ಸಿಕ್ಲಿಡ್ ಕುಟುಂಬದ ಆಸ್ಕರ್ ಎಂಬ ಮೀನಿನ ಮರಿಯ ಆಸೆಗೆ ನಾಲ್ಕಡಿ ಎಂದು ಸುಳ್ಳು ಹೇಳಿ ಒಂದನ್ನು ತಂದೆ.

ಮೂರನೇ ದಿನ, ಅಂದು ಮಾತಿನ ನಡುವೆ ನಾನು ಹೇಳಿದ್ದ ಬೀದಿಯ ಗುರುತು ಹಿಡಿದು, ಅವರೇ ಪಿರಿಯಾಪಟ್ಟಣದ ನಮ್ಮ ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿದ್ದ ನೀರಿನ ಕವರಿನಲ್ಲಿ ಅದೇ ಕುಟುಂಬದ, ಆದರೆ ಹೆಚ್ಚು ಬೆಳೆಯದ ಎರಡು ಪುಟ್ಟ ರಾಮ್ ಮೀನುಗಳಿದ್ದವು.

"ನಾಲ್ಕಡಿ ಅನ್ನುವಾಗ ಕಣ್ಣು ತಪ್ಪಿಸಿದ್ರಿ ಕಣ್ರೀ. ಅವತ್ತಿಂದ ನಂಗೆ ಸಮಾಧಾನ ಇಲ್ಲ. ಆ ಆಸ್ಕರ್ ಒಂದಡಿ ಬೆಳೀತದೆ, ತಿರುಗೋಕೂ ಜಾಗ ಇರಕಿಲ್ಲ. ಈ ಜೋಡಿಗೆ ನಿಮ್ ತೊಟ್ಟಿ ಸಾಕು."

ನಾನು ತಲೆ ತಗ್ಗಿಸಿದೆ. ಅವರು ರಾಮ್ ಜೋಡಿಯನ್ನು ತೊಟ್ಟಿಗೆ ಬಿಟ್ಟು, ಆಸ್ಕರನ್ನು ಕವರಿಗೆ ಹಾಕಿಕೊಂಡರು. ಕಾಫಿ ಕುಡಿಯಿರೆಂದರೂ ಕೂರಲಿಲ್ಲ.

"ಬಿಸ್ಲು ಏರ್ತಾ ಅದೆ, ನೀರು ಕಾದೋಯ್ತದೆ," ಎನ್ನುತ್ತಾ ಕವರನ್ನು ಎದೆಗವಚಿಕೊಂಡು ಬಸ್ಸಿಗೆ ಓಡಿದರು.